ಬೀಗದ ಕೈ ಯಾರ ಹತ್ತಿರ ಇದೆ?

(ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು, ಶಿಕ್ಷಕರು ಮತ್ತು ಸ್ವಯಂಸೇವಕರು ಸೇರಿದ್ದ ಸಭೆಯೊಂದರಲ್ಲಿ ಪಾವಗಡ ತಾಲ್ಲೂಕಿನ ನಿವೃತ್ತ ಗಣಿತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ.)

ನನಗೆ ಕೊಟ್ಟಿರುವ ವಿಷಯ ಗ್ರಾಮೀಣ ಯುವಜನರು ಮತ್ತು ಕಂಪ್ಯೂಟರ್. ವಿಷಯ ದೊಡ್ಡದು. ದೊಡ್ಡ ವಿಷಯವನ್ನು ಸಣ್ಣ ಲೆಕ್ಕಕ್ಕೆ ಇಳಿಸುವುದು ಗಣಿತದ ಮೇಷ್ಟ್ರುಗಳ ಹಳೆಯ ಚಾಳಿ. ಹಾಗಾಗಿ ಜೇಬಿನಲ್ಲಿ ಒಂದು ವಸ್ತು ತಂದಿದ್ದೇನೆ. ಹಿಂದೆ ಕುಳಿತವರಿಗೆ ಕಾಣುತ್ತಿದೆಯೇ? ಬೀಗದ ಕೈ. ಇವತ್ತು ನಾನು ಇದರ ಬಗ್ಗೆಯೇ ಮಾತನಾಡುತ್ತೇನೆ, ಕಂಪ್ಯೂಟರ್ ಅದರ ಹಿಂದೆ ತಾನಾಗಿ ಬರುತ್ತದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಪ್ರೌಢಶಾಲೆಗೆ ಹತ್ತು ಕಂಪ್ಯೂಟರ್‌ಗಳು ಬಂದವು. ಲಾರಿಯಿಂದ ಇಳಿಸುವಾಗ ಊರಿನ ಅರ್ಧ ಜನ ನೆರೆದಿದ್ದರು. ಪೂಜೆಯಾಯಿತು. ಪ್ರತಿ ಮಾನಿಟರ್‌ಗೂ ಕುಂಕುಮ ಇಟ್ಟರು. ನಾನು ಆ ಶಾಲೆಯಿಂದ ವರ್ಗವಾಗಿ ಹೋಗುವ ದಿನ ನೋಡಿದರೆ ಆರು ಮಾನಿಟರ್‌ಗಳ ಮೇಲೆ ಆ ಕುಂಕುಮ ಇನ್ನೂ ಇತ್ತು. ಅಳಿಸಿಹೋಗುವಷ್ಟು ಯಾರೂ ಅವುಗಳನ್ನು ಮುಟ್ಟಿರಲಿಲ್ಲ.

ಇದಕ್ಕೆ ಮುಖ್ಯೋಪಾಧ್ಯಾಯರನ್ನು ಬೈಯುವುದು ಸುಲಭ. ನಾನೂ ಆಗ ಬೈದಿದ್ದೇನೆ. ಆದರೆ ದಾಸ್ತಾನು ವಹಿಗೆ ಸಹಿ ಹಾಕಿದವರು ಅವರು. ಒಂದು ಮೌಸ್ ಕಳೆದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಮಕ್ಕಳು ಆ ಕೊಠಡಿಯನ್ನು ಬಳಸದಿದ್ದರೆ ಯಾರೂ ಕಾರಣ ಕೇಳುವುದಿಲ್ಲ, ಬಳಸಿ ಏನಾದರೂ ಕೆಟ್ಟರೆ ನೋಟಿಸ್ ಬರುತ್ತದೆ. ನೀವು ಅವರ ಕುರ್ಚಿಯಲ್ಲಿ ಕುಳಿತಿದ್ದರೆ ಏನು ಮಾಡುತ್ತಿದ್ದಿರಿ? ಅವರೂ ಅದನ್ನೇ ಮಾಡಿದರು. ಹಳೆಯ ಸೀರೆ ಹರಿದು ಹೊದಿಕೆ ಹೊಲಿಸಿದರು, ಚಪ್ಪಲಿ ಹೊರಗೆ ಬಿಡಿ ಎಂದು ಬೋರ್ಡ್ ಬರೆಸಿದರು, ಬೀಗ ಹಾಕಿದರು. ಎರಡನೆಯ ಕೀಲಿಯನ್ನು ನಂಬಿಕೆಯ ಮೇಲೆ ನನಗೆ ಕೊಟ್ಟರು. ಅದೇ ಇದು. ನಿವೃತ್ತಿಯಾದ ಮೇಲೆ ಬೀರು ತೆರವು ಮಾಡುವಾಗ ಸಿಕ್ಕಿತು. ಆ ಕಂಪ್ಯೂಟರ್‌ಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಬೀಗವೂ ಇಲ್ಲ, ಬಾಗಿಲೂ ಬದಲಾಗಿದೆ. ಕೀಲಿ ಮಾತ್ರ ಹೊಸದರಂತೆ ಹೊಳೆಯುತ್ತಿದೆ, ನೋಡಿ.

ಬೀಗ ನಮ್ಮ ದೇಶದ ರೋಗ ಎಂದುಕೊಳ್ಳಬೇಡಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಕಂಪ್ಯೂಟರ್ ಮ್ಯೂಸಿಯಂ ಇತ್ತು. 1989ರ ಡಿಸೆಂಬರ್ ರಜೆಯಲ್ಲಿ ಅಲ್ಲಿ ಮಕ್ಕಳಿಗೆ ಒಂದು ಕಾರ್ಯಾಗಾರ ನಡೆಯಿತು. ಆಟದ ಇಟ್ಟಿಗೆಗಳಿಂದ ಯಂತ್ರ ಕಟ್ಟಿ, ಅದಕ್ಕೆ ಕಂಪ್ಯೂಟರ್‌ನಿಂದ ಆಜ್ಞೆ ಕೊಡುವುದು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬೆರೆಸಿ ಮಾತನಾಡುತ್ತಿದ್ದ ನಾಲ್ಕು ಮಕ್ಕಳು ಬಂದು ಅದರಲ್ಲಿ ಮುಳುಗಿಹೋದರು. ರಜೆ ಮುಗಿಯಿತು, ಕಾರ್ಯಾಗಾರವೂ ಮುಗಿಯಿತು. ಆ ಮಕ್ಕಳಿಗೆ ಮಾತ್ರ ಮುಗಿಯಲಿಲ್ಲ. ಮತ್ತೆ ಬಂದರು, ಆಟದ ಇಟ್ಟಿಗೆಗಳು ಎಲ್ಲಿ ಎಂದು ಕೇಳಿದರು, ಇಲ್ಲ ಎನ್ನಿಸಿಕೊಂಡರು. ಕೆಲವು ವಾರಗಳ ನಂತರ ಮ್ಯೂಸಿಯಂ ಸಿಬ್ಬಂದಿಗೆ ಒಂದು ಇಮೇಲ್ ಹೋಯಿತು: ಮಕ್ಕಳ ಗುಂಪೊಂದು ಕಳ್ಳತನದಿಂದ ಒಳಗೆ ನುಸುಳುತ್ತಿದೆ, ಎಚ್ಚರವಾಗಿರಿ. ಯಾರು ಆ ಗುಂಪು? ಅವೇ ನಾಲ್ಕು ಮಕ್ಕಳು. ಕಾರ್ಯಾಗಾರ ನಡೆಸಿದ್ದ ನ್ಯಾಟಲಿ ರಸ್ಕ್ ಮತ್ತು ಮಿಚೆಲ್ ರೆಸ್ನಿಕ್ ಇದನ್ನು ತಿಳಿದು ಸುಮ್ಮನಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬಡ ಬಡಾವಣೆಗಳ ಹುಡುಗರು ಬಂದು ಕೂರಬಹುದಾದ ಜಾಗವೊಂದನ್ನು 1993ರಲ್ಲಿ ಅದೇ ಮ್ಯೂಸಿಯಂನಲ್ಲಿ ತೆರೆದರು. ಕಂಪ್ಯೂಟರ್ ಕ್ಲಬ್‌ಹೌಸ್ ಎಂದು ಅದರ ಹೆಸರು. ಇಂದು ಹಲವು ದೇಶಗಳಲ್ಲಿ ಅಂಥವು ಇವೆ. ನಿಮ್ಮಲ್ಲಿ ಕೆಲವರು ಮಕ್ಕಳಿಗೆ ಕಲಿಸುವ ಸ್ಕ್ರ್ಯಾಚ್ ಇದೆಯಲ್ಲ, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವುದು, ಅದು 2007ರಲ್ಲಿ ಇದೇ ರೆಸ್ನಿಕ್ ಅವರ ತಂಡದಿಂದ ಬಂದದ್ದು. ನನಗೆ ಸ್ಕ್ರ್ಯಾಚ್‌ಗಿಂತ ಆ ಇಮೇಲ್ ಹೆಚ್ಚು ನೆನಪಿನಲ್ಲಿದೆ. ಕಲಿಯಲು ನುಸುಳಿ ಬರುವ ಮಗುವನ್ನು ಕಳ್ಳ ಎಂದು ಮೊದಲು ನೋಡುವ ಕಣ್ಣು ಎಲ್ಲ ಕಡೆಯೂ ಒಂದೇ.

ಬಾಗಿಲೇ ಬೇಡ, ಬೀಗವೂ ಬೇಡ ಎಂದು ಒಬ್ಬರು ಯೋಚಿಸಿದರು. ಆ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಏಕೆಂದರೆ ಅರ್ಧ ಕಥೆ ಮಾತ್ರ ಎಲ್ಲರಿಗೂ ಗೊತ್ತಿರುವುದು. ದೆಹಲಿಯ ಕಾಲ್ಕಾಜಿಯಲ್ಲಿ ಎನ್‌ಐಐಟಿ ಎಂಬ ಕಂಪ್ಯೂಟರ್ ತರಬೇತಿ ಕಂಪನಿಯ ಕಚೇರಿಯ ಗೋಡೆಗೆ ಹೊಂದಿಕೊಂಡೇ ಒಂದು ಕೊಳೆಗೇರಿ. 1999ರ ಜನವರಿ 26ರಂದು ಆ ಕಂಪನಿಯ ಸಂಶೋಧಕ ಸುಗತ ಮಿತ್ರಾ ಅವರು ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿ, ಒಳಗೆ ಕಂಪ್ಯೂಟರ್ ಇಟ್ಟು, ಪರದೆ ಕೊಳೆಗೇರಿಯ ಕಡೆಗೆ ಕಾಣುವಂತೆ ಮಾಡಿದರು. ಮೇಷ್ಟ್ರಿಲ್ಲ, ಪಠ್ಯವಿಲ್ಲ, ಮುಟ್ಟಬೇಡ ಎನ್ನುವವರಿಲ್ಲ. ಮಕ್ಕಳು ಮುಟ್ಟಿದರು. ಒಬ್ಬರಿಗೊಬ್ಬರು ತೋರಿಸಿಕೊಂಡರು. ಚಿತ್ರ ಬರೆಯುವುದು, ಕಡತ ತೆರೆಯುವುದು, ಜಾಲತಾಣ ನೋಡುವುದು ಎಲ್ಲವನ್ನೂ ತಾವೇ ಕಂಡುಕೊಂಡರು. ಅವರಿಗೆ ಕರ್ಸರ್ ಎಂಬ ಪದ ಗೊತ್ತಿರಲಿಲ್ಲ. ಅದನ್ನು ಸೂಯಿ ಎಂದರು, ಅಂದರೆ ಸೂಜಿ. ಕಂಪ್ಯೂಟರ್ ಯೋಚಿಸುವಾಗ ಬರುತ್ತಿದ್ದ ಮರಳು ಗಡಿಯಾರದ ಚಿತ್ರವನ್ನು ಡಮರು ಎಂದರು. ಶಿವನ ಕೈಯ ಡಮರುಗ! ಹೆಸರಿಡುವುದು ಸಣ್ಣ ಕೆಲಸವಲ್ಲ. ಮನೆಗೆ ಬಂದ ಕರುವಿಗೆ ನಾವು ಹೆಸರಿಡುತ್ತೇವೆ, ಸಂತೆಯಲ್ಲಿ ಕಂಡ ಕರುವಿಗೆ ಇಡುವುದಿಲ್ಲ. ನಾನು ಈಗ ಭಾನುವಾರಗಳಂದು ನಮ್ಮೂರಿನ ಮಕ್ಕಳಿಗಾಗಿ ಒಂದು ಕಂಪ್ಯೂಟರ್ ಕೊಠಡಿ ನಡೆಸುತ್ತೇನೆ. ಆ ಕೊಠಡಿಯ ಮಕ್ಕಳು ಪರದೆಯ ಮೇಲೆ ಸುತ್ತುವ ವೃತ್ತವನ್ನು ಬಳೆ ಎನ್ನುತ್ತಾರೆ. "ಸಾರ್, ಬಳೆ ತಿರುಗುತ್ತಲೇ ಇದೆ" ಎಂದರೆ ಇಂಟರ್‌ನೆಟ್ ಹೋಗಿದೆ ಎಂದು ಅರ್ಥ.

ಇದು ಮೊದಲರ್ಧ. ಪ್ರಪಂಚ ಈ ಅರ್ಧವನ್ನು ಬಹಳ ಮೆಚ್ಚಿತು. 2013ರಲ್ಲಿ ಮಿತ್ರಾ ಅವರಿಗೆ ಹತ್ತು ಲಕ್ಷ ಡಾಲರ್‌ಗಳ ಟೆಡ್ ಪ್ರಶಸ್ತಿ ಬಂದಿತು. ಇನ್ನರ್ಧ ಏನೆಂದರೆ, ದೆಹಲಿಯಲ್ಲಿ ಮುಂದೆ ಹಾಕಿದ ಇಂಥ ಕಿಂಡಿಗಳನ್ನು ನೋಡಲು ಮಾರ್ಕ್ ವಾರ್ಷಾವರ್ ಎಂಬ ಅಮೆರಿಕದ ಸಂಶೋಧಕರು ಬಂದರು. ಇಂಟರ್‌ನೆಟ್ ಬಹುಪಾಲು ಕೆಲಸ ಮಾಡುತ್ತಿರಲಿಲ್ಲ, ಹಿಂದಿಯಲ್ಲಿ ಓದಲು ಒಳಗೆ ಏನೂ ಇರಲಿಲ್ಲ, ಮಕ್ಕಳು ಹೆಚ್ಚಾಗಿ ಚಿತ್ರ ಬಿಡಿಸುವುದರಲ್ಲಿ ಮತ್ತು ಆಟದಲ್ಲಿ ಕಾಲ ಕಳೆಯುತ್ತಿದ್ದರು ಎಂದು ಅವರು ಬರೆದರು. ಪಾಯಲ್ ಅರೋರಾ ಎಂಬ ಇನ್ನೊಬ್ಬ ಸಂಶೋಧಕಿ ಉತ್ತರಾಖಂಡದ ಅಲ್ಮೋಡಾ ಕಡೆಯ ಕಿಂಡಿಗಳನ್ನು ಹುಡುಕಿಕೊಂಡು ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕಂಪ್ಯೂಟರ್ ಇಲ್ಲದ ಖಾಲಿ ಗೂಡುಗಳು. ಆ ಬಗ್ಗೆ ಅವರು 2010ರಲ್ಲಿ ಬರೆದಿದ್ದಾರೆ. ಗೋಡೆಯಲ್ಲಿ ಕಿಂಡಿ ಇದ್ದರೆ ಸಾಲದು, ಕಿಂಡಿಯ ಪಕ್ಕದಲ್ಲಿ ಯಾರಾದರೂ ಇರಬೇಕು. ಅದು ಕೆಟ್ಟಾಗ ನೋವಾಗುವ ಒಬ್ಬ ಮನುಷ್ಯ ಆ ಊರಿನಲ್ಲಿ ಇರಬೇಕು.

ಇನ್ನೂ ಒಂದು ಮಾತಿದೆ, ಅದನ್ನು ಗಂಡಸರು ಬೇಗ ಗಮನಿಸುವುದಿಲ್ಲ. ಬೀದಿಯಲ್ಲಿರುವ ಕಂಪ್ಯೂಟರ್ ಎಲ್ಲರಿಗೂ ತೆರೆದಿದೆ ಎಂದರೆ, ಅದರ ಮುಂದೆ ಮೊಣಕೈಯಲ್ಲಿ ತಿವಿದು ನಿಲ್ಲಬಲ್ಲವರಿಗೆ ತೆರೆದಿದೆ ಎಂದು ಅರ್ಥ. ಹದಿನಾಲ್ಕು ವರ್ಷದ ಹುಡುಗಿ ಆ ಗುಂಪಿನೊಳಗೆ ಹೋಗುವುದಿಲ್ಲ. ಹೋದರೂ ಮನೆಯಲ್ಲಿ ಬಿಡುವುದಿಲ್ಲ. ಬೀಗವಿಲ್ಲದ ಕಡೆಯಲ್ಲೂ ಬೀಗ ಇರುತ್ತದೆ.

ಪೆರುವಿನ ಮಾತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಅಮೆರಿಕದ ನಿಕೊಲಸ್ ನೆಗ್ರೊಪೊಂಟೆ ಹೊರಟರು. ಪೆರು ದೇಶ ಅದನ್ನು ಎಲ್ಲರಿಗಿಂತ ದೊಡ್ಡದಾಗಿ ನಂಬಿ ಲಕ್ಷಗಟ್ಟಲೆ ಹಸಿರು ಬಣ್ಣದ ಲ್ಯಾಪ್‌ಟಾಪ್‌ಗಳನ್ನು ಕೊಂಡಿತು. 319 ಗ್ರಾಮೀಣ ಶಾಲೆಗಳಲ್ಲಿ ಅಳೆದು ನೋಡಿದ ಅಧ್ಯಯನ 2012ರಲ್ಲಿ ಬಂದಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಯಂತ್ರ ಬಳಕೆಯೇನೋ ಹೆಚ್ಚಿತ್ತು. ಶಿಕ್ಷಕರಿಗೆ ತಯಾರಿ ಸಾಲದಾಗಿತ್ತು, ಇಂಟರ್‌ನೆಟ್ ಇರಲಿಲ್ಲ, ಕಳೆದುಹೋದರೆ ಯಾರು ಹೊಣೆ ಎಂಬ ಭಯದಿಂದ ಅನೇಕ ಕಡೆ ಅವು ಮಕ್ಕಳ ಮನೆಗೂ ಹೋಗಲಿಲ್ಲ. ನಮ್ಮ ಶಾಲೆಯ ದಾಸ್ತಾನು ವಹಿ ನೆನಪಾಯಿತೇ? ಪೆರುವಿನಲ್ಲೂ ಅಂಥದ್ದೊಂದು ಇದೆ ಎಂದು ಕಾಣುತ್ತದೆ.

ಇವೆಲ್ಲಕ್ಕಿಂತ ಮೊದಲೇ ಒಬ್ಬರು ಗಣಿತದ ಮೇಡಂ ಇದನ್ನು ಸರಿಯಾಗಿ ಯೋಚಿಸಿದ್ದರು. ಗಣಿತದವರು ಎಂಬ ಪಕ್ಷಪಾತ ನನಗೆ ಇದ್ದೇ ಇದೆ, ಕ್ಷಮಿಸಿ. ನ್ಯೂಯಾರ್ಕಿನಲ್ಲಿ ಶಿಕ್ಷಕಿಯಾಗಿದ್ದ ಆಂಟೋನಿಯಾ ಸ್ಟೋನ್ 1983ರಲ್ಲಿ, ಕಪ್ಪು ಜನರು ಹೆಚ್ಚಾಗಿ ಇದ್ದ ಹಾರ್ಲೆಮ್‌ನಲ್ಲಿ, ಒಂದು ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಸಾರ್ವಜನಿಕ ಕಂಪ್ಯೂಟರ್ ಕೇಂದ್ರ ತೆರೆದರು. 1983! ನಮ್ಮಲ್ಲಿ ಆಗ ಟೆಲಿಫೋನ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದರು. ಶಾಲೆಯಲ್ಲಲ್ಲ, ಬೀದಿಯಲ್ಲಲ್ಲ, ಜನ ವಾಸಿಸುವ ಮನೆಗಳ ಕೆಳಗೇ. ಅಮ್ಮ ಮೇಲಿನಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ.

ಈಗ ನಮ್ಮೂರಿಗೆ ಬರುತ್ತೇನೆ.

ಪಾವಗಡವನ್ನು ನೀವು ಪತ್ರಿಕೆಗಳಲ್ಲಿ ಎರಡು ಕಾರಣಕ್ಕೆ ನೋಡಿರುತ್ತೀರಿ. ಒಂದು ಬರ, ಇನ್ನೊಂದು ಸೋಲಾರ್. ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ರೈತರು ಜಮೀನನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಎಕರೆಗಟ್ಟಲೆ ಇದ್ದವನಿಗೆ ಮಳೆ ನೋಡದೆ ಬರುವ ಆದಾಯ ಸಿಕ್ಕಿತು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಿದ್ದವನಿಗೆ ಕೂಲಿ ಹೋಯಿತು. ಅವರ ಮಕ್ಕಳು ಫಲಕ ತೊಳೆಯಲು, ಹುಲ್ಲು ಕತ್ತರಿಸಲು, ಕಾವಲು ಕಾಯಲು ಹೋಗುತ್ತಾರೆ. ಒಳಗೆ ಕಂಟ್ರೋಲ್ ರೂಮ್ ಇದೆ, ಅಲ್ಲಿ ಪರದೆಗಳ ಮುಂದೆ ಕುಳಿತವರು ಬಹುಮಟ್ಟಿಗೆ ಹೊರಗಿನವರು. ನಮ್ಮ ಹುಡುಗನೊಬ್ಬ ನನ್ನ ಬಳಿ ಬಂದು ಕೇಳಿದ: "ಸಾರ್, ಆ ಕಂಟ್ರೋಲ್ ರೂಮಿನಲ್ಲಿ ಕೂರಲು ಏನು ಓದಬೇಕು?" ಅವನು ಪಿಯುಸಿ ಮುಗಿಸಿದ್ದ. ಕೀಬೋರ್ಡ್ ಮುಟ್ಟಿರಲಿಲ್ಲ. ನಮ್ಮ ಭಾನುವಾರದ ಕೊಠಡಿ ಶುರುವಾದದ್ದು ಆ ಪ್ರಶ್ನೆಯಿಂದ.

ಮೊಬೈಲ್ ಇದೆಯಲ್ಲ, ಇನ್ನು ಕಂಪ್ಯೂಟರ್ ಏಕೆ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಮಾತನಾಡಿಸಿದ 2023ರ ಅಸರ್ ಎಂಬ ಶಿಕ್ಷಣ ಸಮೀಕ್ಷೆಯಲ್ಲಿ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸಬಲ್ಲವರಲ್ಲಿ ಸ್ವಂತದ್ದು ಎಂದು ಇದ್ದದ್ದು ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ, ಹುಡುಗಿಯರಲ್ಲಿ ಶೇ 19.8ರಷ್ಟು ಮಂದಿಗೆ. ಉಳಿದವರಿಗೆ ಫೋನ್ ಎಂದರೆ ಅಣ್ಣ ಕೊಟ್ಟಾಗ ಸಿಗುವುದು. ಕೊಡುವಾಗ ಅಣ್ಣ ಪಕ್ಕದಲ್ಲೇ ಕೂರುತ್ತಾನೆ. ಇನ್ನು ಕಂಪ್ಯೂಟರ್: 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಗಳ ಮನೆಗಳಲ್ಲಿ ಶೇ 4.4, ನಗರಗಳಲ್ಲಿ ಶೇ 23.4. ಕೊರೊನಾ ಬಂದಾಗ ಈ ಅಂಕಿಗಳಿಗೆಲ್ಲ ಮುಖ ಬಂದಿತು. ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದಾನೆ. 2021ರ ಆ ಫೋಟೊ ನಿಮಗೆಲ್ಲ ನೆನಪಿರಬೇಕು. ತಂದೆಯ ಪ್ರೀತಿ ಎಂದು ಎಲ್ಲರೂ ಹಂಚಿಕೊಂಡರು. ನಿಜ, ಪ್ರೀತಿಯೇ. ಆದರೆ ಅದನ್ನು ನೋಡಿ ನನಗೆ ಬಂದದ್ದು ಸಿಟ್ಟು.

ಫೋನಿನಲ್ಲಿ ಬೆಳೆದ ಮಕ್ಕಳಿಗೆ ಏನು ಗೊತ್ತಿರುವುದಿಲ್ಲ ಎಂಬುದು ನನಗೇ ಆಶ್ಚರ್ಯ ತಂದಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಧ ಪುಟ ಟೈಪ್ ಮಾಡಿ, ಸೇವ್ ಮಾಡಿ ಹೋದಳು. ಮುಂದಿನ ಭಾನುವಾರ ಬಂದು ಬೇರೆ ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಇಲ್ಲ. ಅತ್ತೇ ಬಿಟ್ಟಳು. ಫೋನಿನಲ್ಲಿ ಫೋಟೊ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಅದು ಇರುತ್ತದೆ, ಅಷ್ಟೆ. ಕಡತಕ್ಕೆ ಒಂದು ಜಾಗ ಇದೆ, ಆ ಜಾಗಕ್ಕೆ ದಾರಿ ಇದೆ, ದಾರಿಯನ್ನು ನಾವೇ ಮಾಡಬಹುದು ಎಂಬುದು ಅವಳಿಗೆ ಹೊಸದು. ನಾನು ಪಾಠ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದವಳು ಹೇಳಿದಳು: "ಅಜ್ಜಿ ಮನೆಯಲ್ಲಿ ಸ್ಲೇಟು ಬಿಟ್ಟು ಬಂದು ನಮ್ಮ ಮನೆಯಲ್ಲಿ ಹುಡುಕಿದರೆ ಸಿಗುತ್ತದೆಯೇ?" ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇದಕ್ಕಿಂತ ಚೆನ್ನಾಗಿ ನಾನು ಏನನ್ನೂ ವಿವರಿಸಿದ್ದಿಲ್ಲ.

ಭಾಷೆಯ ಮಾತು. ನಮ್ಮ ತಾಲ್ಲೂಕಿನ ಮೂರು ಕಡೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಂಪ್ಯೂಟರ್ ತೆರೆದರೆ ಇಂಗ್ಲಿಷ್. ಮೂರು ಬಾಗಿಲು ದಾಟಿ ಬರುವ ಮಗುವಿಗೆ ನಾಲ್ಕನೆಯದು ಕೀಬೋರ್ಡ್. ಅದರ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಅವರಿಗೆ ಬರುತ್ತದೆ, ವಾಟ್ಸ್ಆ್ಯಪ್ ಕಲಿಸಿದೆ. ಕನ್ನಡವನ್ನು ಕನ್ನಡದಲ್ಲಿ ಬರೆಯಬಹುದು ಎಂದರೆ ನಂಬುವುದಿಲ್ಲ. ನಾನು ಮೊದಲ ದಿನ ಕಲಿಸುವುದು ಒಂದೇ ಪದ: ಅಕ್ಕ. ಎ, ಕೆ, ಎಫ್, ಕೆ. ಆ ಎಫ್ ಒತ್ತಿದಾಗ ಕ ಅರ್ಧವಾಗಿ, ಇನ್ನೊಂದು ಕ ಬಂದು ಅದರ ಕೆಳಗೆ ಕೂರುತ್ತದೆ. ಕೊಠಡಿಯಲ್ಲಿ ಒಂದು ಉದ್ಗಾರ ಬರುತ್ತದೆ, ಪ್ರತಿ ಸಲವೂ ಬರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇದು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಕೆಯಾಗಿ ರಾಜ್ಯದ ಕಚೇರಿಗಳಲ್ಲೆಲ್ಲ ಇರುವುದೂ ಇದರ ರೂಪವೇ. ನಮ್ಮ ಲಿಪಿಯ ಒಳಗಿನ ಲೆಕ್ಕವನ್ನು ಹಿಡಿದ ವಿನ್ಯಾಸ. ವ್ಯಂಜನ, ಅದಕ್ಕೊಂದು ಕೊಂಡಿ, ಇನ್ನೊಂದು ವ್ಯಂಜನ. ಒತ್ತಕ್ಷರಕ್ಕೆ ಬೇರೆ ಕೀಲಿ ಬೇಕಿಲ್ಲ. ಎಂಥ ಬೀಜಗಣಿತ! ನಾಲ್ಕು ವಾರದಲ್ಲಿ ಮಕ್ಕಳು ನೋಡದೆ ಟೈಪ್ ಮಾಡುತ್ತಾರೆ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಬೇಡಿ ಎಂದು ಮಾತ್ರ ಕೈಮುಗಿದು ಕೇಳುತ್ತೇನೆ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ, ಯೂನಿಕೋಡ್‌ನಲ್ಲಿ ಮಾಡಿಸಿ. ಇಲ್ಲದಿದ್ದರೆ ಆ ಮಗು ಕಳುಹಿಸಿದ ಪತ್ರ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದಾಗ ಮಂತ್ರವಾದಿಯ ತಗಡಿನಂತೆ ಕಾಣುತ್ತದೆ.

ಈಗ ನನಗೆ ತುಂಬಾ ಮುಖ್ಯ ಎನಿಸುವ ಘಟನೆ. ಒಬ್ಬ ಹುಡುಗಿ, ಪಿಯುಸಿ ಮುಗಿಸಿ ಡಿಗ್ರಿ ಸೇರಿದ್ದಳು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಸೈಬರ್ ಅಂಗಡಿಗೆ ಹೋದಳು. ಅವಳ ಬಳಿ ಫೋನ್ ಇಲ್ಲ, ಅಪ್ಪನ ಫೋನ್ ಚಾರ್ಜ್ ಇಲ್ಲ. ಅಂಗಡಿಯವನು ಪಾಪ ಒಳ್ಳೆಯವನೇ, ಕೆಲಸ ಬೇಗ ಆಗಲಿ ಎಂದು ತನ್ನ ನಂಬರ್ ಹಾಕಿದ. ತನಗೆ ನೆನಪಿರುವ ಪಾಸ್‌ವರ್ಡ್ ಇಟ್ಟ. ಎರಡು ವಾರದ ನಂತರ ಅರ್ಜಿಯಲ್ಲಿ ತಿದ್ದುಪಡಿ ಬೇಕಾಯಿತು. ಕೊನೆಯ ದಿನ. ಒಟಿಪಿ ಹೋದದ್ದು ಅಂಗಡಿಯವನ ಫೋನಿಗೆ. ಅವನು ಕಲ್ಯಾಣದುರ್ಗದಲ್ಲಿ ಭಾವಮೈದುನನ ಮದುವೆಯಲ್ಲಿದ್ದಾನೆ, ಓಲಗದ ಸದ್ದಿನಲ್ಲಿ ಫೋನ್ ಕೇಳಿಸಿಲ್ಲ. ಆ ವರ್ಷದ ಹಣ ಹೋಯಿತು. ಆ ಹುಡುಗಿಯದು ಅವಳದೇ ಹೆಸರು, ಅವಳದೇ ಅಂಕ, ಅವಳದೇ ಜಾತಿ ಪ್ರಮಾಣಪತ್ರ. ಕೀಲಿ ಮಾತ್ರ ಇನ್ನೊಬ್ಬರದು.

ಅಂದಿನಿಂದ ನಮ್ಮ ಪಠ್ಯಕ್ರಮ ಬದಲಾಯಿತು. ಪಠ್ಯಕ್ರಮ ಎನ್ನುವುದು ದೊಡ್ಡ ಮಾತು, ಗೋಡೆಗೆ ಅಂಟಿಸಿದ ಒಂದು ಹಾಳೆ ಅದು. ಮೊದಲು ಅದರಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಎಂದು ಇತ್ತು, ಪಟ್ಟಣದ ತರಬೇತಿ ಕೇಂದ್ರಗಳ ಕರಪತ್ರದಿಂದ ಇಳಿಸಿಕೊಂಡದ್ದು. ಅದನ್ನು ಹರಿದು ಹಾಕಿದೆವು. ಈಗ ಮೊದಲು ಸ್ವಂತ ಇಮೇಲ್, ಸ್ವಂತ ಪಾಸ್‌ವರ್ಡ್. ಪಾಸ್‌ವರ್ಡನ್ನು ನನಗೂ ಹೇಳಬಾರದು. ಆಮೇಲೆ ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ, ಅಪ್ಪನ ಜಮೀನಿನ ಪಹಣಿ ತೆಗೆದು ಓದುವುದು, ಸಿಇಟಿ ಬರೆದವರಿಗೆ ಕಾಲೇಜುಗಳ ಆಯ್ಕೆ ಪಟ್ಟಿ ತುಂಬುವುದು. ಪಹಣಿ ಓದುವ ದಿನ ಕೊಠಡಿ ತುಂಬಿ ತುಳುಕುತ್ತದೆ. ಅಪ್ಪಂದಿರೂ ಬಂದು ನಿಲ್ಲುತ್ತಾರೆ. ಗುತ್ತಿಗೆಗೆ ಕೊಟ್ಟ ಸರ್ವೆ ನಂಬರಿನಲ್ಲಿ ತಮ್ಮ ಹೆಸರು ಸರಿಯಾಗಿದೆಯೇ ಎಂದು ಮಗಳ ಬಾಯಿಂದ ಕೇಳುವ ರೈತನ ಮುಖವನ್ನು ನೀವು ನೋಡಬೇಕು. ಅಂದಿನ ನಂತರ ಆ ಹುಡುಗಿ ಭಾನುವಾರ ಎಲ್ಲಿಗೆ ಹೋಗುತ್ತಾಳೆ ಎಂದು ಮನೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಆಟ ಬೇಡವೇ ಎಂದರೆ, ಬೇಕು. ಅರ್ಜಿ ತುಂಬುವುದೊಂದನ್ನೇ ಕಲಿಸಿದರೆ ನಾವು ಇನ್ನೊಂದು ಸೈಬರ್ ಅಂಗಡಿ ಆಗುತ್ತೇವೆ. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವೊಂದಿದೆ. ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ, ಕಾರ್ಯಕರ್ತರು ಅಲ್ಲಿಯ ಮಕ್ಕಳೊಂದಿಗೆ ಕಟ್ಟಿದ್ದು. ಅಲ್ಲಿಯ ಮಕ್ಕಳು ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರ ಬರೆದು ಹೆಸರಾದರು. ಬಣ್ಣದ ಡಬ್ಬಿ ಕೊಳ್ಳಲಾಗದ ಮಗುವಿಗೆ ಮುಗಿಯದ ಬಣ್ಣ ಸಿಕ್ಕಿತು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರ ನಂತರ ಯಾರು ಏನು ಬೇಕಾದರೂ ಮಾಡಬಹುದು. ಒಬ್ಬ ಹುಡುಗ ಮೂರು ತಿಂಗಳಿಂದ ಒಂದೇ ಟ್ರ್ಯಾಕ್ಟರ್ ಬಿಡಿಸುತ್ತಿದ್ದಾನೆ. ಈಗ ಅದಕ್ಕೆ ಹಿಂದಿನ ದೀಪವೂ ಬಂದಿದೆ. ನಾನು ಕೇಳಲು ಹೋಗಿಲ್ಲ.

ಯಂತ್ರಗಳ ಬಗ್ಗೆ ಕೇಳುತ್ತೀರಿ ಎಂದು ಗೊತ್ತು, ಬೇಗ ಹೇಳಿಬಿಡುತ್ತೇನೆ. ಹೊಸದಕ್ಕೆ ಕಾಯಬೇಡಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಓಡದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕಂಪನಿಗಳು ಹೊರಗೆ ಹಾಕುತ್ತಿವೆ. ಅವು ಕೆಟ್ಟಿಲ್ಲ, ಅವುಗಳ ಕಾಲ ಮುಗಿದಿದೆ ಎಂದು ಯಾರೋ ತೀರ್ಮಾನಿಸಿದ್ದಾರೆ, ನನ್ನನ್ನು ಅರವತ್ತಕ್ಕೆ ಮನೆಗೆ ಕಳುಹಿಸಿದಂತೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ತಿರುಗದ, ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿ, ಓಡುತ್ತವೆ. ಡೆಸ್ಕ್‌ಟಾಪ್ ಬೇಡ, ಲ್ಯಾಪ್‌ಟಾಪೇ ಇರಲಿ. ದೇಶಕ್ಕೆ ಬೆಳಕು ಕೊಡುವ ತಾಲ್ಲೂಕು ನಮ್ಮದು, ಆದರೂ ಭಾನುವಾರ ಹನ್ನೊಂದು ಗಂಟೆಗೆ ಕರೆಂಟ್ ಹೋಗುತ್ತದೆ. ಇಂಟರ್‌ನೆಟ್ ಇಲ್ಲದ ದಿನಕ್ಕೆ ಕಿವಿಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿ, ಕನ್ನಡ ವಿಕಿಪೀಡಿಯ ಇಡೀ ಒಂದು ಪೆನ್‌ಡ್ರೈವ್‌ನೊಳಗೆ ಕೂರುತ್ತದೆ. ಇಲಿಗಳಿಗೆ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಜಾಗ ನಿಮ್ಮಲ್ಲಿ ಈಗಾಗಲೇ ಇದೆ, ನಾನು ಇಷ್ಟು ಹೊತ್ತು ಮಾತನಾಡಿದ್ದು ಅದಕ್ಕಾಗಿಯೇ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಓದುವ ಬೆಳಕು ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವು ಅರಿವು ಕೇಂದ್ರಗಳು. ಎಷ್ಟೋ ಕಡೆ ಕಂಪ್ಯೂಟರ್‌ಗಳೂ ಬಂದಿವೆ. ಊರ ನಡುವೆ, ಅಮ್ಮ ಕೂಗಿದರೆ ಕೇಳಿಸುವ ದೂರದಲ್ಲಿ. ಹಾರ್ಲೆಮ್‌ನ ಮೇಡಂ ನೆಲಮಾಳಿಗೆಯಲ್ಲಿ ಹುಡುಕಿಕೊಂಡ ಜಾಗ ನಮಗೆ ಪಂಚಾಯಿತಿ ಪಕ್ಕದಲ್ಲೇ ಸಿಕ್ಕಿದೆ. ಉಳಿದದ್ದು, ಕೀಲಿ.

ಕೇರಳದಲ್ಲಿ ಈ ಕೆಲಸವನ್ನು ಧೈರ್ಯದಿಂದ ಮಾಡಿದ್ದಾರೆ. 2001ರಿಂದ ಅಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ನಡೆಯಿತು. ಕಂಪ್ಯೂಟರ್ ಪಾಠವನ್ನು ಹೊರಗಿನ ಗುತ್ತಿಗೆಗೆ ಕೊಡದೆ ಶಾಲೆಯ ಶಿಕ್ಷಕರನ್ನೇ ತಯಾರು ಮಾಡಿದರು, ಮುಕ್ತ ತಂತ್ರಾಂಶಕ್ಕೆ ಹೊರಳಿದರು. 2018ರಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳನ್ನು ಪ್ರೌಢಶಾಲೆಗಳಲ್ಲಿ ಕಟ್ಟಿದರು. ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದರಲ್ಲಿ ಆ ಮಕ್ಕಳಿಗೂ ಪಾಲು. ನಾನು ಅದನ್ನು ಓದಿ ನಮ್ಮ ಕೊಠಡಿಯ ಕೀಲಿಯನ್ನು ಒಂದು ದಿನ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರ ಕೈಗೆ ಕೊಟ್ಟೆ. ನಿಜ ಹೇಳುತ್ತೇನೆ, ಆ ರಾತ್ರಿ ನಿದ್ದೆ ಬರಲಿಲ್ಲ. ಕುಂಕುಮ ಇಟ್ಟ ಮಾನಿಟರ್‌ಗಳ ಕೊಠಡಿಗೆ ಬೀಗ ಹಾಕಿದ ಆ ಮುಖ್ಯೋಪಾಧ್ಯಾಯರು ನನ್ನೊಳಗೇ ಕುಳಿತು ಬೆಳಗಿನವರೆಗೂ ದಾಸ್ತಾನು ಎಣಿಸಿದರು.

ಕಳೆದದ್ದು ಏನು ಎಂದು ಕೇಳುತ್ತೀರಿ. ಒಂದು ಮೌಸ್. ಅದೂ ಮೂರು ದಿನದ ನಂತರ ಕಿಟಕಿಯ ಮೇಲೆ ಬಂದು ಕುಳಿತಿತ್ತು. ಯಾರು ಇಟ್ಟರು ಎಂದು ಹುಡುಗಿಯರಿಗೆ ಗೊತ್ತಿದೆ, ನನಗೆ ಹೇಳಿಲ್ಲ.

ಅವರು ಒಂದು ವಹಿ ಇಟ್ಟಿದ್ದಾರೆ. ನಮ್ಮ ಕಾಲದ ರಟ್ಟಿನ ವಹಿಯಲ್ಲ, ಸ್ಪ್ರೆಡ್‌ಶೀಟ್, ಪೂರ್ತಿ ಕನ್ನಡದಲ್ಲಿ. ಕಳೆದ ಭಾನುವಾರದ ಸಾಲನ್ನು ಬರೆದುಕೊಂಡು ಬಂದಿದ್ದೇನೆ, ಓದುತ್ತೇನೆ: "ಬೀಗ ತೆಗೆದದ್ದು 9.10. ಬಂದವರು 17, ಹುಡುಗಿಯರು 10. ಕರೆಂಟ್ ಹೋದದ್ದು 11.05, ಬಂದದ್ದು 12.40. 3ನೇ ಲ್ಯಾಪ್‌ಟಾಪ್ ಬ್ಯಾಟರಿ ನಿಲ್ಲುತ್ತಿಲ್ಲ. ಇಲಿ ಮತ್ತೆ ವೈರ್ ಕಡಿದಿದೆ. ಹೊಸಬರು 2, ಅಕ್ಕ ಬರೆಸಿದೆವು. ಮೇಷ್ಟ್ರು 9.35ಕ್ಕೆ ಬಂದರು. ತಡ."